ಫಿಚಾಗೆ ಮೊದಲ ಆಯಿಲ್

"ಇದು ನಿಮ್ಮ ಕಾರಿನ ಫಿಲ್ಟರ್ ಅಲ್ಲ," ಎಂದೆ, ಅವನು ಕೌಂಟರಿನ ಮೇಲಿಟ್ಟ ಆಯಿಲ್ ಫಿಲ್ಟರ್ ನೋಡಿ.

"ಕಾರು ಯಾವುದು ಅಂತ ನಾನಿನ್ನೂ ಹೇಳೇ ಇಲ್ವಲ್ಲ!"

"ಹೇಳೋದೇನೂ ಬೇಕಿಲ್ಲ. ನಿಮ್ಮ ಕೋಟಿನ ಮೇಲೆ ಕೋಳಿಪುಕ್ಕ ಇದೆ. ದನದ ಡಾಕ್ಟ್ರೊಬ್ರು ಯಾರದೋ ಕೋಳಿಗೂಡಲ್ಲಿ ಬಿದ್ದಿದ್ದ ಹಳೇ ಫಿಚಾ ಕಾರು ಎಳ್ಕೊಂಡು ಬಂದಿದಾರೆ ಅಂತ ಊರೆಲ್ಲಾ ಮಾತಾಡ್ತಿದೆ."

ಅವನು ಹೆಗಲ ಕಡೆ ನೋಡಿಕೊಂಡ. ಬೇರೆ ಯಾರಾದರೂ ಆಗಿದ್ದರೆ ನಾಚಿಕೊಂಡು ಪುಕ್ಕವನ್ನು ಕೊಡವಿ ಹಾಕುತ್ತಿದ್ದರು. ಇವನು ಅದನ್ನು ಎರಡು ಬೆರಳಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದ.

"ಹುಂಜದ್ದು," ಎಂದ ಗಂಭೀರವಾಗಿ. "ಆ ಗೂಡಲ್ಲಿ ಹುಂಜ ಇಲ್ಲ ಅಂದಿದ್ದಳು ಆ ಮನೆ ಅಜ್ಜಿ. ಸುಳ್ಳು ಹೇಳಿದಾಳೆ. ಯಾಕೆ ಹೇಳಿರಬಹುದು?"

ನನಗೆ ನಗು ಬಂತು. ಗಿರಾಕಿಗಳ ಮುಂದೆ ನಗುವ ಅಭ್ಯಾಸ ನನಗಿಲ್ಲ. ನಮ್ಮ ಕ್ರಗುಯೆವಾತ್ಸ್ ಕಾರು ತಯಾರಿಸುವ ಊರು. ಇಲ್ಲಿ ಹಾಲು ಮಾರುವವನಿಗೂ ಕಾರ್ಬುರೇಟರ್ ಬಗ್ಗೆ ಅಭಿಪ್ರಾಯ ಇರುತ್ತದೆ. ಅಂಥ ಊರಲ್ಲಿ ಆಯಿಲ್ ಮತ್ತು ಫಿಲ್ಟರ್ ಅಂಗಡಿಯ ಕೌಂಟರಿನ ಹಿಂದೆ ಹೆಂಗಸೊಬ್ಬಳು ನಗುತ್ತಾ ನಿಂತರೆ, ಬಂದವರೆಲ್ಲ ಅವಳಿಗೇ ಪಾಠ ಹೇಳಲು ಶುರುಮಾಡುತ್ತಾರೆ. ಅದಕ್ಕೇ ನಾನು ಮುಖ ಗಂಟು ಹಾಕಿಕೊಂಡೇ ವ್ಯಾಪಾರ ಮಾಡುವವಳು. ಬಾಯಿ ಜೋರು ಅನ್ನುತ್ತಾರೆ. ಸುಳ್ಳೇನಲ್ಲ.

"ಹಾಗಾದ್ರೆ ನನ್ನ ಕಾರಿಗೆ ಸರಿಯಾದ ಫಿಲ್ಟರ್ ಕೊಡಿ," ಎಂದ.

"ಇಲ್ಲ."

"ಸ್ಟಾಕ್ ಇಲ್ವಾ?"

"ಪ್ರಪಂಚದಲ್ಲೇ ಇಲ್ಲ. ಫಿಚಾಗೆ ಕೊಂಡುತಂದು ಹಾಕೋ ಫಿಲ್ಟರೇ ಇಲ್ಲ ಡಾಕ್ಟ್ರೇ. ನಿಮಗಿದನ್ನ ಮಾರಿದೋನು ಈಗ ಎಲ್ಲೋ ಕೂತು ನಗ್ತಾ ಇರ್ತಾನೆ."

ಅವನ ಹುಬ್ಬು ಮೇಲೇರಿತು. ಬೇಜಾರಿನಿಂದ ಅಲ್ಲ, ಸಂತೋಷದಿಂದ. ಹೊಸ ವಿಷಯ ಸಿಕ್ಕಿತಲ್ಲ ಎಂಬ ಸಂತೋಷ. ನನಗೆ ಮೊದಲು ಹಿಡಿಸಿದ್ದು ಆ ಹುಬ್ಬು. ಕಣ್ಣಿನ ಬಣ್ಣ ನೋಡಿದ್ದು ಆಮೇಲೆ.

"ಫಿಲ್ಟರ್ ಇಲ್ದೇ ಇದ್ರೆ ಕೊಳೆ ಎಲ್ಲಿಗೆ ಹೋಗತ್ತೆ?"

ಆ ಪ್ರಶ್ನೆಯನ್ನು ನನ್ನ ಅಂಗಡಿಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಎಲ್ಲರೂ 'ಫಿಚಾಗೆ ಫಿಲ್ಟರ್ ಇಲ್ಲ' ಎಂದು ಒಪ್ಪಿಕೊಂಡು ಮನೆಗೆ ಹೋಗುವವರೇ. ನಾನು ಸ್ಟೂಲು ಎಳೆದು ಅವನ ಕಡೆ ನೂಕಿದೆ.

"ಹಾಲಿಂದ ಕೆನೆ ತೆಗೆಯೋ ಮಷೀನ್ ನೋಡಿದೀರಲ್ಲ? ಗಿರಗಿರ ತಿರುಗತ್ತೆ, ಕೆನೆ ಒಂದು ಕಡೆ, ಹಾಲು ಒಂದು ಕಡೆ. ಫಿಚಾ ಎಂಜಿನ್ನಿನ ತುದೀಲಿ, ಬೆಲ್ಟ್ ಸುತ್ತೋ ಚಕ್ರದ ಒಳಗೆ ಅಂಥದೇ ಒಂದು ಬಟ್ಟಲಿದೆ. ಆಯಿಲ್ ಅದರೊಳಗೆ ಹೋಗಿ ತಿರುಗಿದಾಗ, ಭಾರ ಇರೋ ಕೊಳೆ ಗೋಡೆಗೆ ಅಂಟ್ಕೊಳತ್ತೆ. ಶುದ್ಧವಾದದ್ದು ಮುಂದೆ ಹೋಗತ್ತೆ."

"ಆಹಾ," ಎಂದ ಅವನು, ಯಾರೋ ಸಿಹಿ ತಿನ್ನಿಸಿದಂತೆ. "ಆ ಬಟ್ಟಲನ್ನ ಯಾರು ತೊಳೀತಾರೆ?"

"ಯಾರೂ ತೊಳೆಯಲ್ಲ. ಅದೇ ತಾಪತ್ರಯ. ಇಲ್ಲಿನೋರಿಗೆ ಬಿಚ್ಚಿ ಎಸೆಯೋದು ಇದ್ರೇನೇ ಫಿಲ್ಟರ್. ಕಣ್ಣಿಗೆ ಕಾಣದ್ದು ಇಲ್ಲ ಅಂತಲೇ ಲೆಕ್ಕ."

ಆ ದಿನ ಅವನು ಏನೂ ಕೊಳ್ಳಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಹೆಸರು ಹೇಳಿದ: ಯಾಂಕೊ. ನನ್ನ ಹೆಸರು ಕೇಳಿದ. ವೀದಾ ಎಂದೆ. ಅಂಗಡಿಯ ಒಳಕೋಣೆಯಿಂದ ನಮ್ಮಪ್ಪ ರಾದೊಯೆ ಕಾಫಿ ಲೋಟ ಹಿಡಿದು ಬಂದು, "ಗಂಟೆಗಟ್ಟಲೆ ಮಾತಾಡಿ ಒಂದು ನಟ್ಟೂ ತಗೊಳ್ಲಿಲ್ಲ ಆಸಾಮಿ," ಎಂದು ಗೊಣಗಿದ.

"ಬರ್ತಾನೆ ಬಿಡಪ್ಪ," ಎಂದೆ. ಹಾಗೆ ಅಂದದ್ದು ಯಾಕೆಂದು ನನಗೇ ಗೊತ್ತಾಗಲಿಲ್ಲ.

ಬಂದ. ಮತ್ತೆ ಮತ್ತೆ ಬಂದ. ಒಂದು ಸಲ ಜೇನಿನ ಬಾಟಲಿಯಲ್ಲಿ ಕಾರಿನ ಹಳೇ ಆಯಿಲ್ ತುಂಬಿಕೊಂಡು, ರೋಗಿಯ ಸ್ಯಾಂಪಲ್ ತಂದವನ ಹಾಗೆ ಕೌಂಟರಿನ ಮೇಲಿಟ್ಟ. ಟಾರಿಗಿಂತ ಕಪ್ಪಾಗಿತ್ತು. ನಾನು ಬೆರಳದ್ದಿ, ಹೆಬ್ಬೆರಳಿಗೆ ಉಜ್ಜಿ, ಮೂಸಿದೆ. ಅವನೂ ಅದ್ದಿದ, ಉಜ್ಜಿದ, ಮೂಸಿದ. ಇಬ್ಬರೂ ಬೆರಳು ಮೂಗಿನ ಹತ್ತಿರ ಇಟ್ಟುಕೊಂಡು ಒಬ್ಬರನ್ನೊಬ್ಬರು ನೋಡುತ್ತಾ ನಿಂತಿದ್ದಾಗಲೇ ಬೇಕರಿಯಾಕೆ ಒಳಗೆ ಬಂದಳು. ಸಾಯಂಕಾಲದ ಹೊತ್ತಿಗೆ ಬೀದಿಯಲ್ಲೆಲ್ಲ ಸುದ್ದಿ.

"ಏನನ್ಸತ್ತೆ?" ಎಂದ.

"ಸುಟ್ಟ ವಾಸನೆ ಇಲ್ಲ. ನೀರು ಸೇರಿಲ್ಲ. ಬರೀ ಮುದಿಯಾಗಿದೆ. ಹಿಂದಿನ ಯಜಮಾನ ಬದಲಾಯಿಸ್ತಾನೇ ಇರ್ಲಿಲ್ಲ, ಕಮ್ಮಿ ಆದಾಗ ಮೇಲೆ ಮೇಲೆ ಸುರೀತಿದ್ದ."

"ಈಗ ಯಾವುದು ಹಾಕ್ಲಿ?"

ಮೂರು ಡಬ್ಬಿ ತೆಗೆದು ಅವನ ಮುಂದೆ ಇಟ್ಟೆ. ಒಂದನ್ನು ಅವನ ಕಡೆ ಸರಿಸಿ, "ಇದು ಈಗಿನ ಕಾಲದ್ದು. ನೀರಿನ ಹಾಗೆ ತೆಳ್ಳಗೆ. ಇವತ್ತಿನ ಎಂಜಿನ್ನಿಗೆ ಅಮೃತ. ಫಿಚಾದ ಒಳಗಿನ ಸಂದುಗಳು ಅಗಲ, ಅಲ್ಲಿ ನಿಲ್ಲದೇ ಜಾರಿ ಹೋಗತ್ತೆ, ಸೀಲುಗಳಿಂದೆಲ್ಲ ಸೋರತ್ತೆ," ಎಂದೆ.

"ಇದು?"

"ಇದು ನಿಮ್ಮ ಕಾರು ಹುಟ್ಟಿದಾಗ ಇದ್ದಂಥದ್ದು. ಬರೀ ಆಯಿಲ್. ಕೊಳೆ ತೊಳೆಯೋ ಮದ್ದು ಏನೂ ಬೆರೆಸಿಲ್ಲ. ಕೊಳೆ ಎಲ್ಲಿದೆಯೋ ಅಲ್ಲೇ ಮಲಗಿರತ್ತೆ. ಇನ್ನು ಇದು ಮೂರನೇದು, ದಪ್ಪ ಆಯಿಲ್, ಇಪ್ಪತ್ತು-ಐವತ್ತು ಅಂತಾರೆ. ದಪ್ಪಾನೂ ಇದೆ, ತೊಳೆಯೋ ಮದ್ದೂ ಇದೆ, ಹಳೇ ಎಂಜಿನ್ನು ಸವೆಯದ ಹಾಗೆ ಕಾಯೋ ಸತುವೂ ಇದೆ."

"ಮತ್ತೆ ಮೂರನೇದೇ ಒಳ್ಳೇದಲ್ವಾ?"

"ಒಳ್ಳೇದೇ. ಆದ್ರೆ ಒಳಗಿರೋ ಕೊಳೇನ ಕೈಯಾರೆ ತೆಗೀದೇ ಇದನ್ನ ಸುರಿದ್ರೆ, ವರ್ಷಗಟ್ಟಲೆ ಮಲಗಿದ್ದ ಕೊಳೆಯೆಲ್ಲ ಒಂದೇ ಸಲ ಎದ್ದು ಹೊರಡತ್ತೆ. ಸಣ್ಣ ದಾರಿಗಳಲ್ಲಿ ಸಿಕ್ಕಾಕ್ಕೊಳತ್ತೆ. ಎಂಜಿನ್ ಹಿಡ್ಕೊಳತ್ತೆ. ಒಳ್ಳೇದು ಮಾಡೋಕ್ಹೋಗಿ ಕೊಂದ ಹಾಗೆ."

ಯಾಂಕೊ ಡಬ್ಬಿಯ ಮೇಲೆ ಕೈಯಿಟ್ಟು ಯೋಚಿಸಿದ. "ಹಸುಗಳೂ ಹಾಗೇನೇ. ಉಪವಾಸ ಬಿದ್ದ ಹಸುವಿಗೆ ಪಾಪ ಅಂತ ಒಂದೇ ಸಲ ಮೆಕ್ಕೆಜೋಳ ಹಾಕ್ತಾರೆ. ಬೆಳಿಗ್ಗೆ ಹೊತ್ತಿಗೆ ಹೊಟ್ಟೆ ಉಬ್ಬಿಕೊಂಡು ಬಿದ್ದಿರತ್ತೆ. ಮೊದಲು ಒಣಹುಲ್ಲು ಕೊಡಿ, ನಿಧಾನಕ್ಕೆ ಅಂದ್ರೆ, ಡಾಕ್ಟ್ರು ಜಿಪುಣ ಅಂತಾರೆ."

"ಹಸುವಿಗೆ ಗೊತ್ತಾಗಲ್ವಾ, ಎಷ್ಟು ತಿನ್ನಬೇಕು ಅಂತ?"

"ಇಲ್ಲ. ಹಸಿದಿರೋರಿಗೆ ಯಾರಿಗೆ ಗೊತ್ತಾಗತ್ತೆ ಹೇಳಿ?"

ಅಷ್ಟು ಹೇಳಿ ನನ್ನನ್ನು ನೋಡಿದ. ಒಂದು ಗಳಿಗೆ ಜಾಸ್ತಿಯೇ ನೋಡಿದ. ನಾನು ಡಬ್ಬಿಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿದೆ. ಅವು ಆಗಲೇ ಸಾಲಾಗಿಯೇ ಇದ್ದವು.

ಇನ್ನೊಂದು ದಿನ ಅವನ ಕೊರಳಲ್ಲಿ ಸ್ಟೆತಾಸ್ಕೋಪ್ ನೇತಾಡುತ್ತಿತ್ತು. ಹಂದಿಗಳಿಗೂ ಅದನ್ನೇ ಇಡುತ್ತೀರಾ ಎಂದು ಛೇಡಿಸಿದೆ. ಉತ್ತರ ಕೊಡದೆ ಅದನ್ನು ತೆಗೆದು ನನ್ನ ಕಿವಿಗೆ ಸಿಕ್ಕಿಸಿದ. ಅವನ ಬೆರಳು ತಣ್ಣಗಿದ್ದವು. ನನ್ನನ್ನು ಬಾಗಿಲಾಚೆ ನಿಂತಿದ್ದ ನಮ್ಮ ವ್ಯಾನಿನ ಹತ್ತಿರ ಕರೆದೊಯ್ದು, ಓಡುತ್ತಿದ್ದ ಎಂಜಿನ್ನಿನ ಮೇಲೆ ಇನ್ನೊಂದು ತುದಿ ಇಟ್ಟ.

ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದ ಸದ್ದು ಅದು. ಆದರೆ ಹಾಗೆ ಎಂದೂ ಕೇಳಿರಲಿಲ್ಲ. ಒಂದೊಂದು ವಾಲ್ವ್ ಬೇರೆ ಬೇರೆಯಾಗಿ ಮಾತಾಡುತ್ತಿತ್ತು. ಎಲ್ಲೋ ಆಳದಲ್ಲಿ ಆಯಿಲ್ ಹರಿಯುವ ಸದ್ದು. ಅವನು ತುದಿಯನ್ನು ಇಲ್ಲಿಂದ ಅಲ್ಲಿಗೆ ಸರಿಸುತ್ತಾ ನನ್ನ ಮುಖವನ್ನೇ ನೋಡುತ್ತಿದ್ದ. ಯಾವ ಜಾಗದಲ್ಲಿ ನನ್ನ ಕಣ್ಣು ಅರಳುತ್ತದೆ ಎಂಬ ಕುತೂಹಲ ಅವನಿಗೆ. ನನಗೆ ವ್ಯಾನು ಮರೆತುಹೋಯಿತು. ಈ ಮನುಷ್ಯ ಬೆಳಿಗ್ಗೆ ಏಳುವುದು ಹೇಗೆ, ಒಬ್ಬನೇ ಕೂತು ಏನು ತಿನ್ನುತ್ತಾನೆ, ಸಿಟ್ಟು ಬಂದರೆ ಹೇಗೆ ಕಾಣುತ್ತಾನೆ, ಎಲ್ಲವೂ ತಿಳಿಯಬೇಕು ಅನ್ನಿಸಿಬಿಟ್ಟಿತು. ಪ್ರೀತಿ ಅಂದರೆ ಇಷ್ಟೇ ಇರಬೇಕು, ಒಬ್ಬರ ಬಗ್ಗೆ ತೀರದ ಕುತೂಹಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವನ ಗ್ಯಾರೇಜಿಗೆ ಹೋದೆ. ಬೀದಿಯಲ್ಲೆಲ್ಲ ಮನೆಯವರು ಅಂಗಳದಲ್ಲಿ ಒಲೆಯಿಟ್ಟು ಕೆಂಪು ಮೆಣಸಿನಕಾಯಿ ಸುಡುತ್ತಿದ್ದರು. ಆ ಹೊಗೆಯ ವಾಸನೆ ಹೊತ್ತುಕೊಂಡೇ ಒಳಗೆ ಕಾಲಿಟ್ಟೆ. ಫಿಚಾ ಮರದ ದಿಮ್ಮಿಗಳ ಮೇಲೆ ಕೂತಿತ್ತು, ಪುಟ್ಟದಾಗಿ, ಆಕಾಶದ ಬಣ್ಣಕ್ಕೆ. ಕೋಳಿಗಳ ಗುರುತು ಎಲ್ಲೂ ಉಳಿದಿರಲಿಲ್ಲ. ಎಂಜಿನ್ನಿನ ತಳದ ತಟ್ಟೆಯನ್ನು ಅವನು ಆಗಲೇ ಕಳಚಿ ತೊಳೆದಿದ್ದ. ಆ ಬಟ್ಟಲು ಮಾತ್ರ ನನಗಾಗಿ ಕಾದಿತ್ತು.

"ನೀವೇ ಬಿಚ್ಚಿ," ಎಂದ. "ಇದೆ ಅಂತ ಹೇಳಿದೋರು ನೀವು."

ಬೋಲ್ಟುಗಳನ್ನು ಸಡಿಲಿಸಿ ಮುಚ್ಚಳ ತೆಗೆದೆ. ಗೋಡೆಯ ಸುತ್ತ ಕೊಳೆ ಬೆರಳುದಪ್ಪ ಕಟ್ಟಿಕೊಂಡು, ತಳ ಹಿಡಿದ ಹಲ್ವದ ಹಾಗೆ ಗಟ್ಟಿಯಾಗಿತ್ತು. ಇಬ್ಬರೂ ನೆಲದ ಮೇಲೆ ಕೂತು, ಮರದ ಸೌಟಿನ ಹಿಡಿಯಿಂದ ಕೆರೆಯಲು ಶುರುಮಾಡಿದೆವು. ಲೋಹ ತಾಗಿಸಿದರೆ ಬಟ್ಟಲಿಗೆ ಗೀರು ಬೀಳುತ್ತದೆ. ಜಾಗ ಸಣ್ಣದು, ಕೈಗಳು ನಾಲ್ಕು. ತಾಗದೆ ಇರಲು ಸಾಧ್ಯವಿರಲಿಲ್ಲ. ಇಬ್ಬರೂ ಅದನ್ನು ತಪ್ಪಿಸಲು ಪ್ರಯತ್ನ ಪಟ್ಟಂತೆಯೂ ನೆನಪಿಲ್ಲ.

"ವೀದಾ ಅವರೇ, ಒಂದು ಪ್ರಶ್ನೆ. ಆಯಿಲ್ ಬಗ್ಗೆ ಅಲ್ಲ."

"ಹಾಗಾದ್ರೆ ಉತ್ತರ ಸಿಗೋ ಗ್ಯಾರಂಟಿ ಇಲ್ಲ."

"ನೀವು ಯಾಕೆ ಇನ್ನೂ ಒಬ್ಬರೇ ಇದೀರಿ?"

ಇದೇ ಪ್ರಶ್ನೆಗಾಗಿ ಅಷ್ಟು ದಿನ ಕಾದಿದ್ದೆ. ಬಂದಾಗ ಬಾಯಿ ತನ್ನ ಹಳೇ ಬುದ್ಧಿಯನ್ನೇ ತೋರಿಸಿತು.

"ನಿಶ್ಚಿತಾರ್ಥ ಒಂದು ಆಗಿತ್ತು ಡಾಕ್ಟ್ರೇ. ಅವನಿಗೆ ನೋವಿ ಸಾದ್‌ನಲ್ಲಿ ಇನ್ನೊಬ್ಬಳು ಸಿಕ್ಕಿದಳು. ಅವತ್ತಿಂದ ಗಂಡಸರೆಲ್ಲ ನನ್ನ ಕೌಂಟರಿನ ಆಚೆಗೇ. ಆಯಿಲ್ ಕೇಳಿದ್ರೆ ಆಯಿಲ್, ಬೆಲ್ಟ್ ಕೇಳಿದ್ರೆ ಬೆಲ್ಟ್. ಈಚೆ ಕಡೆ ಯಾರಿಗೂ ಪ್ರವೇಶ ಇಲ್ಲ."

ನಗಲೆಂದೇ ಹೇಳಿದ್ದು. 'ಹಾಗಾದ್ರೆ ಕೌಂಟರನ್ನೇ ತೆಗೆಸಿಬಿಡೋಣ' ಎಂದೋ ಏನೋ ಅವನು ಎದುರುತ್ತರ ಕೊಡಲಿ ಎಂದು ಕಾದೆ. ಕೊಡಲಿಲ್ಲ. ಕೆರೆಯುತ್ತಿದ್ದ ಕೈ ನಿಂತಿತು. "ಅರ್ಥ ಆಯ್ತು," ಎಂದು ಮೆಲ್ಲಗೆ ಹೇಳಿ, ಬಟ್ಟೆಗೆ ಕೈ ಒರೆಸಿಕೊಂಡು ಕಾಫಿ ಮಾಡಲು ಎದ್ದು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದು ಇದಕ್ಕೇ. ಆ ಕಾಫಿಗೆ ಸಕ್ಕರೆ ಇತ್ತೋ ಇಲ್ಲವೋ ತಿಳಿಯದೆ ಕುಡಿದು ಮನೆಗೆ ಬಂದೆ.

ಆಮೇಲೆ ಅವನು ಅಂಗಡಿಗೆ ಬರುವುದು ಕಮ್ಮಿಯಾಯಿತು.

ನಮ್ಮೂರಿನ ಹಳೇ ಕಾರಿನವರ ಕ್ಲಬ್ಬಿನಲ್ಲಿ ಒಂದು ರೂಢಿ ಇದೆ. ಮೂಲೆ ಸೇರಿದ್ದ ಕಾರನ್ನು ಯಾರಾದರೂ ಮತ್ತೆ ಬದುಕಿಸಿದರೆ, ಮೊದಲ ಸಲ ಸ್ಟಾರ್ಟ್ ಮಾಡುವ ದಿನ ಅದಕ್ಕೊಬ್ಬ ಕೂಮ್ ಬೇಕು. ಮಕ್ಕಳ ನಾಮಕರಣಕ್ಕೆ, ಮದುವೆಯ ಸಾಕ್ಷಿಗೆ ನಿಲ್ಲುವ ಕೂಮ್ ಇರುತ್ತಾನಲ್ಲ, ಹಾಗೆಯೇ; ಹೆಂಗಸಾದರೆ ಕೂಮಾ. ಕಾರಿಗೆ ಯಾವ ಆಯಿಲ್ ಎಂದು ಆರಿಸಿ ತರುವುದು ಕೂಮ್, ಕೈಯಾರೆ ಸುರಿಯುವುದು ಕೂಮ್, ಹೆಸರಿಡುವುದು ಕೂಮ್. ಕ್ಲಬ್ಬಿನ ಅಧ್ಯಕ್ಷ ಮಿಲುತಿನ್ ಮಾಮ ಇದನ್ನು ಶುರುಮಾಡಿದ್ದು ತಮಾಷೆಗೆ. ಆದರೆ ಕೂಮ್ ಅನ್ನುವ ಮಾತು ನಮ್ಮಲ್ಲಿ ತಮಾಷೆಯಾಗಿ ಉಳಿಯುವುದಿಲ್ಲ. ಕೂಮ್ ಆದವರು ರಕ್ತಸಂಬಂಧಿಗಳಿಗಿಂತ ಹತ್ತಿರ. ಆ ಎರಡು ಮನೆಗಳ ನಡುವೆ ಮತ್ತೆ ಹೆಣ್ಣು ಗಂಡಿನ ಮಾತೇ ಇಲ್ಲ. ಮಿಲುತಿನ್ ಮಾಮ ಬೇಕರಿಯವರ ಕಾರಿಗೆ ಕೂಮ್ ಆಗಿದ್ದ. ಮುಂದೆ ಅವನ ಮಗ ಬೇಕರಿಯವರ ಮಗಳನ್ನು ಇಷ್ಟಪಟ್ಟಾಗ, ಎರಡೂ ಮನೆಯ ಅಜ್ಜಿಯರು ಬಾಗಿಲಿಗೆ ಅಡ್ಡ ನಿಂತರು. ಕಾರಿಗಾದರೂ ಕೂಮ್ ಕೂಮೇ ಎಂದರು. ಹುಡುಗಿ ಈಗ ಬೇರೆಯವನನ್ನು ಮದುವೆಯಾಗಿ ನೀಶ್‌ನಲ್ಲಿದ್ದಾಳೆ.

ಶುಕ್ರವಾರ ಸಾಯಂಕಾಲ ನಮ್ಮ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಯಾಂಕೊ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಒಂದು ಕೈಯಲ್ಲಿ ಬಟ್ಟೆ ಸುತ್ತಿದ ದುಂಡು ರೊಟ್ಟಿ, ಇನ್ನೊಂದು ಕೈಯಲ್ಲಿ ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾದ ಸೀಸೆ. ರೊಟ್ಟಿ, ರಾಕಿಯಾ ಹಿಡಿದು ಗಂಡಸೊಬ್ಬ ಹೆಣ್ಣಿನ ಮನೆಗೆ ಬಂದರೆ ಅರ್ಥ ಎರಡೇ: ಹೆಣ್ಣು ಕೇಳಲು, ಇಲ್ಲವೇ ಕೂಮ್‌ತನ ಕೇಳಲು. ನಾನು ಮೊದಲಿನದನ್ನೇ ಅಂದುಕೊಂಡೆ. ಸುಳ್ಳೇಕೆ ಹೇಳಲಿ, ಕೈ ತಾನಾಗಿಯೇ ಕೂದಲಿಗೆ ಹೋಯಿತು.

ಅವನು ರೊಟ್ಟಿಯನ್ನು ಮೇಜಿನ ಮೇಲಿಟ್ಟು, ಅಪ್ಪನಿಗೆ ತಲೆಬಾಗಿ, ನನ್ನ ಕಡೆ ತಿರುಗಿದ.

"ವೀದಾ ಅವರೇ, ಭಾನುವಾರ ಕಾರು ಸ್ಟಾರ್ಟ್ ಮಾಡ್ತೀನಿ. ನೀವು ಕೂಮಾ ಆಗಬೇಕು."

ನನ್ನ ಕೈ ಕೂದಲಿಂದ ಕೆಳಗಿಳಿಯಿತು.

"ಆಹಾ! ಇದಪ್ಪ ಮರ್ಯಾದೆ ಅಂದ್ರೆ!" ಎಂದು ಅಪ್ಪ ರೊಟ್ಟಿ ಮುರಿದು, ಮೂರು ಲೋಟ ತಂದೇಬಿಟ್ಟ. ಕೂಮ್‌ತನ ಕೇಳಿ ಬಂದವರಿಗೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ. ಶತ್ರು ಬಂದು ಕೇಳಿದರೂ ಹೂಂ ಅನ್ನಬೇಕು. ಬೇಡ ಅಂದರೆ ಕೇಳಿದವನ ಮುಖಕ್ಕೆ ಹೊಡೆದ ಹಾಗೆ, ತಲೆಮಾರುಗಟ್ಟಲೆ ಮರೆಯುವುದಿಲ್ಲ. ನನ್ನ ಬಾಯಲ್ಲಿ ಬಿಸಿತುಪ್ಪ. ಯಾಂಕೊ ಲೋಟ ಎತ್ತಿ ನನ್ನನ್ನು ನೋಡಿದ. ಸಂತೋಷ ಪಡುವವನ ಮುಖವಾಗಿರಲಿಲ್ಲ ಅದು. ಅಷ್ಟನ್ನು ಗಮನಿಸಿದೆ, ಯಾಕೆಂದು ಯೋಚಿಸುವಷ್ಟು ಬುದ್ಧಿ ಆಗ ಉಳಿದಿರಲಿಲ್ಲ.

ಅವನು ಹೋದ ಮೇಲೆ ಅಪ್ಪ ಕೇಳಿದ, "ಯಾಕೇ ಮುಖ ಹೀಗಿದೆ?"

"ಕೂಮಾ ಆದ್ಮೇಲೆ ಎಲ್ಲಾ ಮುಗೀತಲ್ಲಪ್ಪ."

"ಏನು ಮುಗೀತು?" ಎಂದವನು, ನನ್ನನ್ನು ನೋಡಿ ಲೋಟ ಕೆಳಗಿಟ್ಟ. "ಅಯ್ಯೋ, ಮಗಳೇ. ಮೊದಲೇ ಹೇಳಬಾರದಿತ್ತಾ?"

"ಯಾರಿಗೆ? ನಿನಗಾ, ಅವನಿಗಾ?"

"ಯಾರಿಗಾದ್ರೂ!" ಎಂದು ಅಪ್ಪ ತಲೆ ಚಚ್ಚಿಕೊಂಡ. "ಆಯಿಲ್ ವಿಷಯ ಬಂದ್ರೆ ಬಾಯಿ ಮುಚ್ಚಲ್ಲ. ಈಗ ನೋಡು, ರೊಟ್ಟಿ ಮುರಿದಾಯ್ತು."

ಭಾನುವಾರ ಚರ್ಚಿನ ಪೂಜೆ ಮುಗಿಸಿ ಜನ ಯಾಂಕೊನ ಅಂಗಳಕ್ಕೆ ಬಂದರು. ಬಣ್ಣ ಬಣ್ಣದ ಫಿಚಾಗಳು ಬೇಲಿಯುದ್ದಕ್ಕೂ ನಿಂತವು. ಮಿಲುತಿನ್ ಮಾಮ ಟೈ ಕಟ್ಟಿದ್ದ. ಯಾರೋ ಶುಭಕ್ಕೆಂದು ಕಾರಿನ ಕನ್ನಡಿಗೆ ರೋಸ್‌ಮರಿ ಕಡ್ಡಿ ಸಿಕ್ಕಿಸಿದರು. ಫಿಚಾದ ಎಂಜಿನ್ ಹಿಂದೆ ಇರುವುದರಿಂದ ಎಲ್ಲರೂ ಅದರ ಬೆನ್ನ ಕಡೆಯೇ ಗುಂಪುಗೂಡಿದರು.

ಮೂರನೇ ಡಬ್ಬಿಯನ್ನೇ ತಂದಿದ್ದೆ, ದಪ್ಪ ಆಯಿಲ್. ಅದರ ಆಯ್ಕೆಯಲ್ಲಿ ನನಗೆ ಅನುಮಾನವೇನೂ ಇರಲಿಲ್ಲ. ತಳ ಶುದ್ಧ, ಬಟ್ಟಲು ಶುದ್ಧ, ಅದೇ ಸರಿ. ಯಾಂಕೊ ಮುಚ್ಚಳ ತಿರುಗಿಸಿ ತೆಗೆದು ಪಕ್ಕಕ್ಕೆ ನಿಂತ. ಆಯಿಲ್ ಸುರಿಯುವ ಕೊಳವೆಯನ್ನು ಅವನೇ ಹಿಡಿದುಕೊಂಡ.

"ಸುರಿಯಮ್ಮಾ ಕೂಮಾ!" ಎಂದ ಮಿಲುತಿನ್ ಮಾಮ. "ಹೆಸರು ಹೇಳಿ ಸುರಿ!"

ಡಬ್ಬಿಯನ್ನು ಬಗ್ಗಿಸಿದೆ. ಆಯಿಲ್ ಅಂಚಿನ ತನಕ ಬಂದು ನಿಂತಿತು, ಜೇನಿನ ಬಣ್ಣದ್ದು. ಇನ್ನೊಂದು ಚೂರು ಬಗ್ಗಿಸಿದರೆ ಸಾಕು. ಆಮೇಲೆ ಪ್ರತಿ ವರ್ಷ ಅವನ ಮನೆತನವನ್ನು ಕಾಯುವ ಸಂತನ ಹಬ್ಬಕ್ಕೆ ಹೋಗಬಹುದು, ಗೌರವದ ಕುರ್ಚಿಯಲ್ಲಿ ಕೂರಬಹುದು. ಒಂದು ದಿನ ಆ ಮನೆಗೆ ಒಬ್ಬಳು ಬರುತ್ತಾಳೆ, ನನ್ನನ್ನು ಪ್ರೀತಿಯಿಂದ ಕೂಮಾ ಎಂದು ಕರೆದು, ನನ್ನ ತಟ್ಟೆಗೆ ಮೊದಲು ಬಡಿಸುತ್ತಾಳೆ.

ಡಬ್ಬಿಯನ್ನು ನೆಟ್ಟಗೆ ಮಾಡಿ ನೆಲದ ಮೇಲಿಟ್ಟೆ.

"ನಾನು ಕೂಮಾ ಆಗಲ್ಲ," ಎಂದೆ.

ಬೇಕರಿಯಾಕೆ ಶಿಲುಬೆಯ ಗುರುತು ಹಾಕಿಕೊಂಡಳು. ಮಿಲುತಿನ್ ಮಾಮನ ಮುಖ ಕೆಂಪಗಾಯಿತು.

"ಏನಂದೆ? ಕೂಮ್‌ತನ ಬೇಡ ಅಂದ್ಯಾ? ರೊಟ್ಟಿ ತಿಂದು, ರಾಕಿಯಾ ಕುಡಿದು? ರಾದೊಯೆ, ನೋಡೋ ನಿನ್ನ ಮಗಳನ್ನ! ಇಂಥದ್ದನ್ನ ನಾನು ಈ ಊರಲ್ಲಿ ಕಂಡಿಲ್ಲ ಕೇಳಿಲ್ಲ!"

ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಯಾಂಕೊ ಬಿಳಿಚಿಕೊಂಡಿದ್ದ. ಆದರೆ ಆ ಹುಬ್ಬು ನಿಧಾನವಾಗಿ ಮೇಲೇರಿತು. "ಯಾಕೆ?" ಎಂದ. ಸಿಟ್ಟಿಲ್ಲ, ಅವಮಾನವಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವನಿಗೆ.

"ಕೂಮಾ ಆದ್ರೆ ನಿಮ್ಮ ಮದುವೇಲಿ ಸಾಕ್ಷಿ ಹಾಕಬೇಕು. ನಿಮ್ಮ ಮಕ್ಕಳಿಗೆ ಹೆಸರಿಡಬೇಕು. ನನಗೆ ಅದಾಗಲ್ಲ."

"ಯಾಕಾಗಲ್ಲ?"

"ಇಷ್ಟು ಜನದ ಮುಂದೆ ಕೇಳ್ತೀರಲ್ಲ ಡಾಕ್ಟ್ರೇ!"

"ಇಷ್ಟು ಜನದ ಮುಂದೇನೇ ಬೇಡ ಅಂದ್ರಲ್ಲ ನೀವು."

ನ್ಯಾಯವಾದ ಮಾತು. ಜೀವನದಲ್ಲಿ ಮೊದಲ ಸಲ ನನಗೆ ಚುಚ್ಚುಮಾತು ಒಂದೂ ಹೊಳೆಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದೊಂದೇ ಉಳಿದಿತ್ತು.

"ಯಾಕಂದ್ರೆ ನನಗೆ ನೀವು ಬೇಕು," ಎಂದೆ. "ಕೂಮ್ ಆಗಿ ಅಲ್ಲ. ನಿಮ್ಮ ಜೊತೆ ಇರೋಳು ನಾನಾಗಬೇಕು. ಆಯಿಲ್ ಸುರಿದ್ರೆ ಆ ದಾರಿ ಮುಚ್ಚಿಹೋಗತ್ತೆ. ಅದಕ್ಕೇ ಸುರಿಯಲ್ಲ. ಬೈಯೋರು ಬೈಕೊಳ್ಳಿ."

ಯಾರೂ ಬೈಯಲಿಲ್ಲ. ಯಾಂಕೊ ಕೈಯಲ್ಲಿದ್ದ ಕೊಳವೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಿಲುತಿನ್ ಮಾಮನ ಕೈಗೆ ಕೊಟ್ಟ. ಮಾಮ ಅದನ್ನು ಮೇಣದಬತ್ತಿಯಂತೆ ಹಿಡಿದು ನಿಂತ.

"ಈಚೆ ಕಡೆ ಗಂಡಸರಿಗೆ ಪ್ರವೇಶ ಇಲ್ಲ ಅಂದಿದ್ರಿ," ಎಂದ ಯಾಂಕೊ. "ನಾನು ನಂಬಿದೆ. ಕಾರು ಸ್ಟಾರ್ಟ್ ಆಯ್ತು ಅಂದ್ರೆ ನಿಮ್ಮಂಗಡಿಗೆ ಬರೋಕೆ ನನಗೆ ನೆಪಾನೇ ಇರಲ್ಲ. ಕಾಫಿ ಕುಡಿಯೋಕೆ, ಹಬ್ಬಕ್ಕೆ, ನಿಮ್ಮ ದನಿ ಕೇಳೋಕೆ ಸಾಯೋ ತನಕ ಬರಬಹುದಾದ ಸಂಬಂಧ ಯಾವುದು ಅಂತ ಯೋಚಿಸ್ದೆ. ಕೂಮ್ ಒಂದೇ ಹೊಳೀತು. ಪೂರ್ತಿ ಸಿಗದಿದ್ರೆ ಅಷ್ಟಾದ್ರೂ ಇರಲಿ ಅಂತ."

"ಎಂಥಾ ದಡ್ಡ ಡಾಕ್ಟ್ರಪ್ಪ ನೀವು," ಎಂದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

"ದಡ್ಡಾನೇ. ನೀವು ಬೇಡ ಅಂದ್ರಲ್ಲ, ನನ್ನ ಜೀವನದಲ್ಲಿ ಇದಕ್ಕಿಂತ ಒಳ್ಳೇ ಮಾತನ್ನ ಯಾರೂ ಹೇಳಿಲ್ಲ."

ಬೇಕರಿಯಾಕೆ ಮೂಗು ಸೀಟಿದಳು. ಅಪ್ಪ ಟೋಪಿ ತಲೆಗೆ ಹಾಕಿಕೊಂಡು, ಅಂಗಿಯ ತೋಳು ಮಡಚಿ, ಡಬ್ಬಿಗೆ ಕೈಹಾಕಿದ. "ಸರಿ, ಕಾರಿನ ಗತಿಯೇನು? ಕೊಡಿ, ನಾನೇ ಕೂಮ್ ಆಗ್ತೀನಿ."

"ನಿಲ್ಲೋ ಮಾರಾಯ!" ಎಂದು ಮಿಲುತಿನ್ ಮಾಮ ಅವನ ತೋಳು ಹಿಡಿದು ಎಳೆದ. "ನೀನು ಕೂಮ್ ಆದ್ರೆ ಎರಡು ಮನೆಗೂ ಕೂಮ್‌ತನ ಬಿತ್ತಲ್ಲ! ನಿನ್ನ ಮಗಳು ಬಿಚ್ಚಿದ ಗಂಟನ್ನ ನೀನು ಮತ್ತೆ ಕಟ್ತೀಯಾ? ದೂರ ಸರಿ. ಬೇಕರಿಯಮ್ಮಾ, ನನ್ನ ಮಗನಿಗೂ ನಿಮ್ಮ ಮಗಳಿಗೂ ಇಷ್ಟು ಧೈರ್ಯ ಅವತ್ತು ಇದ್ದಿದ್ರೆ…" ಮಾತು ಅಲ್ಲಿಗೇ ನಿಲ್ಲಿಸಿ ಡಬ್ಬಿ ಎತ್ತಿಕೊಂಡ. "ನಾನೇ ಸುರೀತೀನಿ. ನೀವಿಬ್ರೂ ಮುಂದೆ ಹೋಗಿ ಕೂತ್ಕೊಳ್ಳಿ. ಆಯಿಲ್ ಪ್ರೆಷರಿನ ಕೆಂಪು ದೀಪ ನೋಡ್ತಾ ಇರಿ. ಕೀ ತಿರುಗಿಸಿದ ತಕ್ಷಣ ಉರಿಯತ್ತೆ, ಆಯಿಲ್ ಎಲ್ಲಾ ಕಡೆ ಮುಟ್ಟಿತು ಅಂದ್ರೆ ಆರತ್ತೆ. ಆರದಿದ್ರೆ ತಕ್ಷಣ ಆಫ್ ಮಾಡಿ, ಇಲ್ಲಾಂದ್ರೆ ಎಂಜಿನ್ ಹೋದಹಾಗೇ. ಗೊತ್ತಾಯ್ತಾ?"

"ಗೊತ್ತು ಮಾಮ," ಎಂದೆ. ಊರಿಗೆಲ್ಲ ಅದನ್ನು ಹೇಳಿಕೊಡುವವಳೇ ನಾನು.

ಮುಂದಿನ ಸೀಟುಗಳಲ್ಲಿ ಕೂತೆವು. ಫಿಚಾ ಎಷ್ಟು ಚಿಕ್ಕದೆಂದರೆ, ಇಬ್ಬರು ಕೂತರೆ ಹೆಗಲಿಗೆ ಹೆಗಲು ತಾಗಲೇಬೇಕು. ಹಿಂದಿನಿಂದ ಆಯಿಲ್ ಗುಳುಗುಳು ಇಳಿಯುವ ಸದ್ದು ಕೇಳಿಸುತ್ತಿತ್ತು. ಮಿಲುತಿನ್ ಮಾಮ ಏನೋ ಹೆಸರು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಯಾವ ಹೆಸರೆಂದು ಕೇಳಿಸಲಿಲ್ಲ.

ಯಾಂಕೊ ಕೀ ತಿರುಗಿಸಿದ. ಎಂಜಿನ್ ಒಂದು ಸಲ ಕೆಮ್ಮಿತು, ಎರಡು ಸಲ ಕೆಮ್ಮಿತು, ಆಮೇಲೆ ಹಿಡಿದುಕೊಂಡಿತು. ಇಡೀ ಕಾರು ನಡುಗಿತು. ಅವನ ಕೈ ಕೀಯಿಂದ ಇಳಿದು ನನ್ನ ಕೈಯ ಮೇಲೆ ಬಂತು.

"ಒಂದು ಪ್ರಶ್ನೆ ಇದೆ," ಎಂದ.

"ಆಯಿಲ್ ಬಗ್ಗೆನಾ?"

"ಅಲ್ಲ. ನಿನ್ನನ್ನ ಇನ್ಮೇಲೆ ನೀನು ಅನ್ನಬಹುದಾ?"

"ಅಂದಾಯ್ತಲ್ಲ," ಎಂದೆ.

ಹತ್ತಿರದಿಂದ ಅವನ ಕಣ್ಣು ಬೇರೆ ಬಣ್ಣಕ್ಕಿತ್ತು. ಅಂಗಡಿಯ ಬೆಳಕಲ್ಲಿ ಕಂದು ಅಂದುಕೊಂಡಿದ್ದೆ. ಕಂದಲ್ಲ, ಹಸಿರು ಬೆರೆತದ್ದು. ಎಷ್ಟು ಹಸಿರು ಎಂದು ನೋಡಲು ಇನ್ನೂ ಸ್ವಲ್ಪ ಹತ್ತಿರ ಹೋದೆ. ಅವನೂ ಬಂದ.

"ಏಯ್, ದೀಪ ಆರ್ತಾ?" ಹಿಂದಿನಿಂದ ಮಿಲುತಿನ್ ಮಾಮ ಕೂಗಿದ. "ಯಾಂಕೊ! ದೀಪ ಆರ್ತೇನೋ?"

ಆ ಹೊತ್ತಿಗೆ ನಮ್ಮಿಬ್ಬರ ಕಣ್ಣೂ ಮುಚ್ಚಿದ್ದವು.

"ವೀದಾ! ನೀನಾದ್ರೂ ಹೇಳೇ! ಆರ್ತಾ ಇಲ್ವಾ?"

ನಮ್ಮಿಬ್ಬರಲ್ಲಿ ಯಾರೂ ದೀಪದ ಕಡೆ ನೋಡಿರಲೇ ಇಲ್ಲ.